ತೂತುಗಳೇ ಬೆಚ್ಚಗಿಡುವ ಬನಿಯನ್

(ಓಸ್ಲೋದಲ್ಲಿ ಕನ್ನಡಿಗರ ಒಂದು ಭಾನುವಾರದ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ವರ್ಷವೇ ನಾರ್ವೆಗೆ ಬಂದವರು ಇಲ್ಲಿ ಸಾಕಷ್ಟು ಜನ ಇದ್ದೀರಿ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲೋ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ದಿನಾ ಬೆಳಿಗ್ಗೆ ಓಡುತ್ತಿದ್ದವರು ಇಲ್ಲಿಗೆ ಬಂದ ಮೇಲೆ ಅಕ್ಟೋಬರ್ ಮುಗಿಯುತ್ತಿದ್ದಂತೆ ಷೂ ಎತ್ತಿಟ್ಟುಬಿಡುತ್ತಾರೆ. ಅದು ಮತ್ತೆ ಹೊರಗೆ ಬರುವುದು ಏಪ್ರಿಲ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಮನೆ, ಮೆಟ್ರೊ, ಆಫೀಸು, ಮತ್ತೆ ಮನೆ. ಡಿಸೆಂಬರ್ ಕೊನೆಗೆ ಇಲ್ಲಿ ಹಗಲೆಂದರೆ ಹೆಚ್ಚುಕಡಿಮೆ ಆರೇ ಗಂಟೆ. ಆ ಆರು ಗಂಟೆಯ ಬೆಳಕೂ ಮೈಗೆ ಬೀಳದಿದ್ದರೆ ಮನುಷ್ಯ ಹೇಗೆ ಕುಗ್ಗುತ್ತಾನೆ ಅನ್ನುವುದನ್ನು ಇಲ್ಲಿ ಒಂದು ಚಳಿಗಾಲ ಕಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದಲೇ ಬಟ್ಟೆಯ ವಿಷಯ ನನಗೆ ಸಣ್ಣದು ಅನಿಸುವುದಿಲ್ಲ. ಜನ ಹೊರಗೆ ಹೋಗುವುದೋ ಒಳಗೇ ಉಳಿಯುವುದೋ ಅನ್ನುವುದು ಬಹಳ ಸಲ ಒಂದು ಬನಿಯನ್ ಮೇಲೆ ನಿಂತಿರುತ್ತದೆ.

"ಯಾಕೆ ಬಿಟ್ಟಿರಿ?" ಅಂತ ಕೇಳಿದರೆ ಬರುವ ಉತ್ತರ ಒಂದೇ. "ಒಂದೆರಡು ಸಲ ಹೋದೆ, ವಾಪಸ್ ಬರುವಷ್ಟರಲ್ಲಿ ಗಡಗಡ ನಡುಕ." ಏನು ಹಾಕಿಕೊಂಡಿದ್ದಿರಿ ಅಂದರೆ ಊರಿನಿಂದ ತಂದ ದಪ್ಪ ಥರ್ಮಲ್, ಅದರ ಮೇಲೆ ಸ್ವೆಟರ್, ಅದರ ಮೇಲೆ ಉಬ್ಬಿದ ಜಾಕೆಟ್. ಇವರು ಬಟ್ಟೆ ಕಡಿಮೆಯಾಗಿ ನಡುಗಿದವರಲ್ಲ. ಜಾಸ್ತಿ ಹಾಕಿಕೊಂಡು, ಮೊದಲ ಹದಿನೈದು ನಿಮಿಷ ಒಳಗೊಳಗೇ ಬೆಂದು, ಬೆವೆತು, ಆಮೇಲೆ ಆ ಬೆವರಿನಿಂದ ನಡುಗಿದವರು.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇಷ್ಟೇ. ಚಳಿಯಲ್ಲಿ ಓಡುವವರಿಗೆ, ಸ್ಕೀ ಮಾಡುವವರಿಗೆ, ಬೆಟ್ಟ ಹತ್ತುವವರಿಗೆ ಹೊರಗಿನ ಗಾಳಿಗಿಂತ ದೊಡ್ಡ ಶತ್ರು ತಮ್ಮದೇ ಬೆವರು. ಆ ಬೆವರನ್ನು ಚರ್ಮದಿಂದ ದೂರ ಇಡುವುದಕ್ಕೆ ನಾನು ಕಂಡ ಉಡುಪುಗಳಲ್ಲೆಲ್ಲ ಒಳ್ಳೆಯದು ಮೈತುಂಬ ತೂತಿರುವ ನೆಟ್ ಬನಿಯನ್, ಅಂದರೆ ಅಂಗಡಿಯವರು ಮೆಶ್ ಬೇಸ್ ಲೇಯರ್ ಅನ್ನುವ, ಚರ್ಮಕ್ಕೆ ತಾಗಿಕೊಂಡಿರುವ ಜಾಲರಿಯ ಒಳ ಪದರ. ಆದರೆ ಅದನ್ನು ಆರಿಸುವುದು ಗೊತ್ತಿರಬೇಕು, ಅದರ ಮೇಲೆ ಏನು ಹಾಕಬೇಕು ಅನ್ನುವುದು ಅದಕ್ಕಿಂತ ಚೆನ್ನಾಗಿ ಗೊತ್ತಿರಬೇಕು.

ಮೊದಲು ಸ್ವಲ್ಪ ಲೆಕ್ಕ. ಸುಮ್ಮನೆ ಕೂತಿರುವ ಮನುಷ್ಯನ ಮೈ ಸುಮಾರು 100 ವಾಟ್ ಶಾಖ ಬಿಡುತ್ತದೆ. ಅದೇ ಮನುಷ್ಯ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಓಡಿದರೆ ಅದು 600 ವಾಟ್ ದಾಟುತ್ತದೆ. ನಮ್ಮ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಕಾಲು ಭಾಗದಷ್ಟು ಮಾತ್ರ ಕೆಲಸವಾಗುತ್ತದೆ, ಉಳಿದದ್ದೆಲ್ಲ ಬಿಸಿ. ಹಾಗಾಗಿ ಮೈನಸ್ 8 ಡಿಗ್ರಿಯಲ್ಲೂ ಏರು ಹತ್ತುವಾಗ ಬೆವರು ಬಂದೇ ಬರುತ್ತದೆ. ಅದನ್ನು ತಡೆಯಲಾಗದು, ಕಡಿಮೆ ಮಾಡಬಹುದು ಅಷ್ಟೇ.

ಈಗ ನಿಂತ ಮೇಲಿನ ಕಥೆ ನೋಡಿ. ನಿಮ್ಮ ಟೀ ಶರ್ಟಿನಲ್ಲಿ 100 ಗ್ರಾಂ ಬೆವರು ಉಳಿದಿದೆ ಅಂದುಕೊಳ್ಳಿ, ಅಂದರೆ ಅರ್ಧ ಲೋಟ ನೀರು. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. 100 ಗ್ರಾಮಿಗೆ 2,40,000 ಜೂಲ್. ಅದು ಇಪ್ಪತ್ತು ನಿಮಿಷದಲ್ಲಿ ಆರಿತು ಅಂದರೆ ಪ್ರತಿ ಸೆಕೆಂಡಿಗೆ 200 ಜೂಲ್, ಅಂದರೆ 200 ವಾಟ್. ಬಸ್ ಸ್ಟಾಪಿನಲ್ಲಿ ನಿಂತ ನಿಮ್ಮ ಮೈ ಹುಟ್ಟಿಸುತ್ತಿರುವುದು 100. ಒದ್ದೆ ಶರ್ಟು ಎಳೆಯುತ್ತಿರುವುದು ಅದರ ಎರಡರಷ್ಟು, ಅದರಲ್ಲಿ ದೊಡ್ಡ ಪಾಲು ಹೋಗುವುದು ನಿಮ್ಮ ಚರ್ಮದಿಂದಲೇ. ನಡುಕ ಬರದೆ ಇನ್ನೇನಾದೀತು? ಅದರ ಜೊತೆಗೆ ಇನ್ನೊಂದಿದೆ. ನಿಂತ ಗಾಳಿಗಿಂತ ನೀರು ಶಾಖವನ್ನು ಹೆಚ್ಚುಕಡಿಮೆ 24 ಪಟ್ಟು ವೇಗವಾಗಿ ಸಾಗಿಸುತ್ತದೆ. ಬಟ್ಟೆಯ ಎಳೆಗಳ ನಡುವೆ ಗಾಳಿ ಇದ್ದ ಜಾಗಕ್ಕೆ ನೀರು ಬಂದು ಕೂತಿತೆಂದರೆ ಅದು ಎಷ್ಟು ದಪ್ಪ ಥರ್ಮಲ್ ಆದರೂ ಲೆಕ್ಕಕ್ಕಿಲ್ಲ.

"ಕ್ವಿಕ್ ಡ್ರೈ ಪಾಲಿಯೆಸ್ಟರ್ ಇದೆಯಲ್ಲ, ಅದು ನೀರು ಹೀರುವುದಿಲ್ಲವಲ್ಲ" ಅಂತ ಕೇಳುವವರಿದ್ದಾರೆ. ಪಾಲಿಯೆಸ್ಟರ್ ನೂಲು ತನ್ನೊಳಕ್ಕೆ ನೀರು ಹೀರುವುದಿಲ್ಲ ನಿಜ. ಆದರೆ ನೂಲಿನ ಎಳೆಗಳ ನಡುವಿನ ಸಂದಿಯಲ್ಲಿ ನೀರು ನಿಲ್ಲುತ್ತದೆ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಅಂಥ ಸಂದಿಗಳು ಸಾವಿರಾರು, ಅವೆಲ್ಲ ನೇರ ನಿಮ್ಮ ಬೆನ್ನಿಗೆ ಅಂಟಿಕೊಂಡಿರುತ್ತವೆ. ನಿಂತ ಕ್ಷಣ ಬೆನ್ನ ಮೇಲೆ ತಣ್ಣನೆಯ ಕೈ ಇಟ್ಟ ಹಾಗಾಗುವುದು ಅದಕ್ಕೇ.

ನೆಟ್ ಬನಿಯನ್ ಈ ತೊಂದರೆಗೆ ಬೇರೆಯೇ ದಾರಿ ಹಿಡಿಯುತ್ತದೆ. ಚರ್ಮಕ್ಕೆ ತಾಗುವ ಬಟ್ಟೆಯನ್ನೇ ಕಡಿಮೆ ಮಾಡಿಬಿಡುತ್ತದೆ. ಬಟ್ಟೆಯೇ ಇಲ್ಲದ ಜಾಗದಲ್ಲಿ ನೀರು ನಿಲ್ಲುವುದೆಲ್ಲಿ? ಆ ತೂತುಗಳಲ್ಲಿ ಕೆಲವು ಮಿಲಿಮೀಟರ್ ದಪ್ಪದ ಗಾಳಿ ನಿಂತಿರುತ್ತದೆ. ಮೈಯಿಂದ ಎದ್ದ ಆವಿ ಆ ಗಾಳಿಯನ್ನು ದಾಟಿ ಮೇಲಿನ ಪದರಕ್ಕೆ ಹೋಗಿ ಸೇರುತ್ತದೆ. ಮೇಲಿನ ಪದರ ಒದ್ದೆಯಾದರೂ ಅದು ಚರ್ಮವನ್ನು ಮುಟ್ಟುವುದಿಲ್ಲ, ನಡುವೆ ನೆಟ್ಟಿನ ದಪ್ಪ ಅಡ್ಡ ಇರುತ್ತದೆ. ಇಷ್ಟೇ ಗುಟ್ಟು. ಬನಿಯನ್ ಬೆಚ್ಚಗಿಲ್ಲ, ಅದರ ತೂತಿನೊಳಗಿನ ಗಾಳಿ ಬೆಚ್ಚಗಿದೆ. ಸೆಖೆಯಾದರೆ ಮೇಲಿನ ಜಿಪ್ ಎಳೆದರೆ ಸಾಕು, ಆ ಬೆಚ್ಚನೆ ಗಾಳಿ ಒಂದೇ ಉಸಿರಿಗೆ ಹೊರಗೆ ಹೋಗುತ್ತದೆ. ಜಿಪ್ ಮುಚ್ಚಿದರೆ ಮತ್ತೆ ತುಂಬಿಕೊಳ್ಳುತ್ತದೆ. ಒಂದೇ ಉಡುಪಿನಲ್ಲಿ ಇಷ್ಟು ಅಗಲದ ಹಿಡಿತ ಬೇರೆ ಯಾವುದೂ ಕೊಡುವುದಿಲ್ಲ.

ನಮ್ಮ ಕಡೆ ಇದು ಹೊಸತೂ ಅಲ್ಲ. ನಮ್ಮ ಅಜ್ಜಂದಿರು, ಮಾವಂದಿರು ಬೇಸಿಗೆಯಲ್ಲಿ ತೂತುತೂತಿನ ಹತ್ತಿ ಬನಿಯನ್ ಹಾಕಿಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದರು. ಮೇಲೆ ಶರ್ಟು ಇಲ್ಲದಿದ್ದರೆ ತೂತಿನಲ್ಲಿ ಗಾಳಿ ಆಡುತ್ತದೆ, ಮೈ ತಂಪಾಗುತ್ತದೆ. ಮೇಲೊಂದು ಪದರ ಮುಚ್ಚಿದರೆ ಅದೇ ಗಾಳಿ ಸಿಕ್ಕಿಬಿದ್ದು ಬೆಚ್ಚಗಾಗುತ್ತದೆ. ದಾವಣಗೆರೆಯ ಮೇ ತಿಂಗಳಿಗೂ ಓಸ್ಲೋದ ಜನವರಿಗೂ ಒಂದೇ ತತ್ವ, ಮೇಲೆ ಮುಚ್ಚಿದೆಯೋ ತೆರೆದಿದೆಯೋ ಅನ್ನುವುದಷ್ಟೇ ವ್ಯತ್ಯಾಸ.

ಚಳಿಗಾಲದ ಉಡುಪಾಗಿ ಇದು ರೂಪುಗೊಂಡದ್ದು ಈ ದೇಶದಲ್ಲೇ. 1933ರಲ್ಲಿ ಹೆನ್ರಿಕ್ ಬ್ರೂನ್ ಎಂಬ ನಾರ್ವೆಯ ಸೇನಾಧಿಕಾರಿ ಹಳೆಯ ಹೆರಿಂಗ್ ಮೀನಿನ ಬಲೆಯನ್ನು ಕತ್ತರಿಸಿ ಬನಿಯನ್ ಹೊಲಿದ ಅನ್ನುವುದು ಇಲ್ಲಿನವರು ಹೆಮ್ಮೆಯಿಂದ ಹೇಳುವ ಸಂಗತಿ. ಸೈನಿಕನ ಕಷ್ಟವೂ ನಮ್ಮದೇ. ಭಾರ ಹೊತ್ತು ಏರು ಹತ್ತುವಾಗ ಬೆವರು, ಆಮೇಲೆ ಗಂಟೆಗಟ್ಟಲೆ ಕಾವಲು ನಿಂತಾಗ ಚಳಿ. ಲಾರ್ವಿಕ್ ಊರಿನ ಬ್ರಿನ್ಯೆ (Brynje) ಕಂಪನಿ, ಅದು 1887ರಷ್ಟು ಹಳೆಯದು, ಇಂಥ ಉಡುಪಿಗೆ ಇಂದಿಗೂ ಹೆಸರುವಾಸಿ. 1953ರಲ್ಲಿ ಹಿಲರಿ ಮತ್ತು ತೇನ್‌ಸಿಂಗ್ ಎವರೆಸ್ಟ್ ಏರಿದರಲ್ಲ, ಆ ದಂಡಯಾತ್ರೆಯ ಉಡುಪುಗಳಲ್ಲೂ ನೆಟ್ ಬನಿಯನ್ ಇತ್ತು. ಚರಿತ್ರೆ ಇಷ್ಟು ಸಾಕು, ಅಂಗಡಿಗೆ ಹೋಗೋಣ.

ಅಂಗಡಿಯಲ್ಲಿ ಮೊದಲು ಎದುರಾಗುವುದು ನೂಲಿನ ಪ್ರಶ್ನೆ. ಮುಖ್ಯವಾಗಿ ಎರಡು ಬಗೆ ಸಿಗುತ್ತವೆ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನೂಲು ಮತ್ತು ಮೆರಿನೊ ಕುರಿಯ ನವಿರಾದ ಉಣ್ಣೆ. ಪಾಲಿಪ್ರೊಪಿಲೀನ್ ನೀರನ್ನು ಒಳಕ್ಕೆ ಬಿಟ್ಟುಕೊಳ್ಳುವುದೇ ಇಲ್ಲ ಅನ್ನಬಹುದು. ಸಾಧಾರಣ ಹವೆಯಲ್ಲಿ ಉಣ್ಣೆ ತನ್ನ ಒಣ ತೂಕದ ಸುಮಾರು 16 ಶೇಕಡಾ ತೇವ ಹಿಡಿದಿರುತ್ತದೆ, ಹತ್ತಿ 8, ಪಾಲಿಯೆಸ್ಟರ್ 0.4, ಪಾಲಿಪ್ರೊಪಿಲೀನ್ ಸೊನ್ನೆಯ ಹತ್ತಿರ. ನೀರಿಗಿಂತ ಹಗುರ, ನೀರಲ್ಲಿ ಹಾಕಿದರೆ ತೇಲುತ್ತದೆ. ಒಗೆದು ಜೋರಾಗಿ ಕೊಡವಿ ಬಾಗಿಲಿಗೆ ನೇತುಹಾಕಿ ಕಾಫಿ ಕುಡಿದು ಬರುವಷ್ಟರಲ್ಲಿ ಬಹುಪಾಲು ಆರಿರುತ್ತದೆ. ಜೋರಾಗಿ ಓಡುವವರಿಗೆ, ಕ್ರಾಸ್ ಕಂಟ್ರಿ ಸ್ಕೀ ಮಾಡುವವರಿಗೆ, ವಿಪರೀತ ಬೆವರುವವರಿಗೆ ನನ್ನ ಸಲಹೆ ಇದೇ.

ಅದರ ದೋಷ ವಾಸನೆ. ನೀರನ್ನು ದೂರವಿಡುವ ಈ ನೂಲು ಎಣ್ಣೆಯನ್ನು ಮಾತ್ರ ಅಪ್ಪಿಕೊಳ್ಳುತ್ತದೆ. ಮೈಯ ಜಿಡ್ಡು ಅದರಲ್ಲಿ ಕೂತರೆ ಸುಲಭಕ್ಕೆ ಬಿಡುವುದಿಲ್ಲ. ಪ್ರತಿ ಸಲ ಹಾಕಿದ ಮೇಲೂ ಒಗೆಯಬೇಕು. ಇನ್ನೊಂದು ದೋಷ ಬೆಂಕಿ. ಸುಮಾರು 165 ಡಿಗ್ರಿಗೆ ಇದು ಕರಗಿಹೋಗುತ್ತದೆ. ಕ್ಯಾಂಪಿನಲ್ಲಿ ಸ್ಟವ್ ಮುಂದೆ, ಬೆಂಕಿ ಕಾಯಿಸುವ ಜಾಗದಲ್ಲಿ ಬರೀ ಇದನ್ನು ಹಾಕಿಕೊಂಡು ಕೂರಬೇಡಿ. ಕರಗಿದರೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

ಉಣ್ಣೆಯ ನೆಟ್ಟು ಬೇರೆ ಸ್ವಭಾವದ್ದು. ಉಣ್ಣೆ ತೇವವನ್ನು ಎಳೆಯ ಒಳಕ್ಕೇ ಎಳೆದುಕೊಳ್ಳುತ್ತದೆ, ಹಾಗೆ ಎಳೆದುಕೊಳ್ಳುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ತೂಕದ ಮೂರನೇ ಒಂದು ಭಾಗದಷ್ಟು ತೇವ ಹಿಡಿದರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ವಾಸನೆ ಬರುವುದು ನಿಧಾನ, ಮೂರು ನಾಲ್ಕು ದಿನದ ಚಾರಣದಲ್ಲಿ ಇದು ಎಷ್ಟು ದೊಡ್ಡ ಗುಣ ಅನ್ನುವುದು ಒಂದೇ ಟೆಂಟಿನಲ್ಲಿ ನಾಲ್ಕು ಜನ ಮಲಗಿದಾಗ ತಿಳಿಯುತ್ತದೆ. ಆದರೆ ಪೂರ್ತಿ ನೆನೆದರೆ ಆರುವುದು ತಡ. ನೂಲು ನಾಜೂಕು. ಉಂಗುರ, ಉಗುರು, ಜಿಪ್ಪಿನ ಹಲ್ಲು ಸಿಕ್ಕಿ ಒಂದು ಕೊಂಡಿ ಹರಿದರೆ ಅಲ್ಲಿಂದ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಅದಕ್ಕೇ ಬಹುಪಾಲು ಉಣ್ಣೆ ನೆಟ್ಟುಗಳಲ್ಲಿ ನೈಲಾನ್ ಬೆರೆಸಿರುತ್ತಾರೆ, ಅದನ್ನು ಕಲಬೆರಕೆ ಅಂದುಕೊಳ್ಳಬೇಡಿ. ಅದಿಲ್ಲದಿದ್ದರೆ ಬನಿಯನ್ ಹೆಚ್ಚು ಕಾಲ ಬಾಳದು.

ಯಾವುದು ಒಳ್ಳೆಯದು ಅಂತ ಕೇಳಿದರೆ ನಾನು ತಿರುಗಿ ಕೇಳುವುದು ನೀವು ನಿಲ್ಲುತ್ತೀರೋ ಇಲ್ಲವೋ ಅಂತ. ಮನೆ ಬಾಗಿಲಿನಿಂದ ಓಡಿ ಮನೆ ಬಾಗಿಲಿಗೆ ವಾಪಸ್ ಬರುವವರಿಗೆ ಯಾವುದಾದರೂ ನಡೆಯುತ್ತದೆ, ಬೆಲೆ ಕಡಿಮೆ ಇರುವುದನ್ನು ತೆಗೆದುಕೊಳ್ಳಿ. ಬೆವೆತು, ನಿಂತು, ಮತ್ತೆ ಬೆವೆತು, ಮತ್ತೆ ನಿಲ್ಲುವವರಿಗೆ, ಅಂದರೆ ಮಕ್ಕಳ ಜೊತೆ ಸ್ಕೀ ಹೋಗುವವರಿಗೆ, ಫೋಟೊ ತೆಗೆಯುತ್ತಾ ಬೆಟ್ಟ ಹತ್ತುವವರಿಗೆ ಪಾಲಿಪ್ರೊಪಿಲೀನ್. ದಿನಗಟ್ಟಲೆ ಬಿಚ್ಚದೆ ಹಾಕಿಕೊಂಡಿರುವವರಿಗೆ, ನಿಧಾನಕ್ಕೆ ನಡೆಯುವವರಿಗೆ ಉಣ್ಣೆ. ಥರ್ಮಾಮೀಟರ್ ನೋಡಿ ಆರಿಸುವವರು ಬಹಳ ಜನ, ಆದರೆ ನೀವು ಚಲಿಸುವ ಲಯವೇ ಡಿಗ್ರಿಗಿಂತ ಹೆಚ್ಚು ಹೇಳುತ್ತದೆ.

ನೂಲಿನ ಮೇಲೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ, ಅಳತೆಯ ಮೇಲೆ ಯಾರೂ ಮಾತಾಡುವುದಿಲ್ಲ. ನನಗೆ ಅಳತೆಯೇ ಹೆಚ್ಚು ಮುಖ್ಯ. ನೆಟ್ಟು ಮೈಗೆ ಹತ್ತಿಕೊಂಡಿರಬೇಕು. ಹೊಟ್ಟೆಯ ಹತ್ತಿರ, ಬೆನ್ನಿನ ಕೆಳಗೆ ಸಡಿಲವಾಗಿ ನೇತಾಡಿದರೆ ಪ್ರತಿ ಹೆಜ್ಜೆಗೂ ಒಳಗಿನ ಬೆಚ್ಚನೆ ಗಾಳಿ ಹೊರಕ್ಕೆ ತಳ್ಳಿಸಿಕೊಂಡು ತಣ್ಣನೆ ಗಾಳಿ ಒಳಕ್ಕೆ ಬರುತ್ತದೆ. ಕನ್ನಡಿ ಮುಂದೆ ಹಾಕಿಕೊಂಡು ಎರಡೂ ಕೈ ಮೇಲೆತ್ತಿ. ಸೊಂಟದ ಅಂಚು ಮೇಲಕ್ಕೆ ಬಂದು ಹೊಟ್ಟೆ ಕಂಡರೆ ಗಿಡ್ಡ, ಬೇಡ. ಮುಂದಕ್ಕೆ ಬಗ್ಗಿ ನೋಡಿ, ಬೆನ್ನಿನ ಮೇಲೆ ನೆಟ್ಟು ಮಡಿಕೆ ಬಿದ್ದರೆ ದೊಡ್ಡದು, ಒಂದು ಸೈಜ್ ಕೆಳಗೆ ಹೋಗಿ. ತೂತುಗಳು ಸ್ವಲ್ಪ ಹಿಗ್ಗಿರಬೇಕು, ಪೂರ್ತಿ ಎಳೆದು ಚಪ್ಪಟೆಯಾಗಬಾರದು, ಚಪ್ಪಟೆಯಾದರೆ ಗಾಳಿ ನಿಲ್ಲುವ ದಪ್ಪವೇ ಹೋಯಿತು. ಓಡಿ ಬಂದು ಬಿಚ್ಚಿದಾಗ ಎದೆಯ ಮೇಲೆ, ತೋಳಿನ ಮೇಲೆ ಸಣ್ಣ ಜೇನುಗೂಡಿನ ಗುರುತು ಮೂಡಿರುತ್ತದೆ. ಅದಕ್ಕೆ ಗಾಬರಿ ಬೇಡ, ಸ್ವಲ್ಪ ಹೊತ್ತಿಗೆ ಮಾಯವಾಗುತ್ತದೆ. ಕೆಂಪಾಗಿ ಉರಿದರೆ ಮಾತ್ರ ಅದು ಬಿಗಿ.

ತೂತಿನ ಗಾತ್ರ, ನೂಲಿನ ದಪ್ಪ ನೋಡಿ. ಮೆಶ್ ಅಂತ ಚೀಟಿ ಅಂಟಿಸಿರುವ ಎಲ್ಲವೂ ಇದಲ್ಲ. ಜಿಮ್ ಟೀ ಶರ್ಟಿನ ಕಂಕುಳಲ್ಲಿ ಸೂಜಿಮೊನೆಯಷ್ಟು ರಂಧ್ರಗಳಿರುವ ಬಟ್ಟೆ ಇರುತ್ತದಲ್ಲ, ಅದು ಬೇಸಿಗೆಗೆ. ನಿಮಗೆ ಬೇಕಾದದ್ದರಲ್ಲಿ ಕಿರುಬೆರಳ ತುದಿ ಇಟ್ಟರೆ ಚರ್ಮ ತಾಗಬೇಕು. ಬೆಳಕಿಗೆ ಹಿಡಿದರೆ ಬಟ್ಟೆಗಿಂತ ಬೆಳಕೇ ಹೆಚ್ಚು ಕಾಣಬೇಕು. ಮಡಚಿ ಎರಡು ಬೆರಳ ನಡುವೆ ಒತ್ತಿದರೆ ಕುಸಿಯದೆ ಸ್ವಲ್ಪ ಪುಟಿಯಬೇಕು.

ಭುಜ ಮತ್ತು ಬೆನ್ನಿನ ವಿಷಯವನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ನೀವೇ ಪರೀಕ್ಷೆ ಮಾಡಬಹುದು. ಓಸ್ಲೋ ಅಂಚಿನ ಸೋಗ್ನ್ಸ್‌ವಾನ್ ಕೆರೆಯಿಂದ ಉಲ್ಲೆವೋಲ್‌ಸೆಟರ್ ಎಂಬ ಕಾಡಿನ ತಂಗುಮನೆಯವರೆಗೆ ಕಾಡಿನ ರಸ್ತೆಯಲ್ಲಿ ಐದಾರು ಕಿಲೋಮೀಟರ್ ಏರು. ಬೆನ್ನಿಗೊಂದು ಸಣ್ಣ ಚೀಲ ಹಾಕಿಕೊಂಡು ಚುರುಕಾಗಿ ಹೋಗಿ. ಅಲ್ಲಿ ತಲುಪಿ, ಒಳಗೆ ಹೋಗುವ ಮುಂಚೆ, ಗಾಳಿ ತಡೆಯುವ ಜಾಕೆಟ್ ಬಿಚ್ಚಿಸಿ ಜೊತೆಯವರನ್ನು ನೋಡಿ. ನೆಟ್ಟಿನ ಮೇಲಿನ ಉಣ್ಣೆ ಪದರದ ಹೊರಮೈಯಲ್ಲಿ, ತೋಳಿನ ಮೇಲೆ, ಎದೆಯ ಮೇಲೆ ಬೆಳ್ಳಗೆ ನವಿರಾದ ಮಂಜಿನ ಎಳೆ ಕೂತಿರುತ್ತದೆ. ಅದು ಅವರ ಬೆವರು. ಮೈಯಿಂದ ಹೊರಟು, ನೆಟ್ಟು ದಾಟಿ, ಉಣ್ಣೆ ದಾಟಿ, ಹೊರಗೆ ಬಂದು ಹೆಪ್ಪುಗಟ್ಟಿದ್ದು. ಈಗ ಆ ಉಣ್ಣೆಯ ಕೆಳಗೆ ಕೈ ತೂರಿಸಿ ಎದೆ ಮುಟ್ಟಿ ನೋಡಿಕೊಂಡರೆ ಚರ್ಮ ಒಣಗಿದೆ, ನೆಟ್ಟಿನ ದಾರವೂ ಒಣಗಿದೆ. ಆದರೆ ಚೀಲ ಒರಗಿದ್ದ ಬೆನ್ನಿನ ಭಾಗ ಮುಟ್ಟಿ, ಒದ್ದೆ. ಅಲ್ಲಿ ಚೀಲ ಗಾಳಿಯ ದಾರಿ ಮುಚ್ಚಿದೆ, ನೆಟ್ಟು ಏನೂ ಮಾಡಲಾಗದು. ಚೀಲದ ಪಟ್ಟಿ ನೆಟ್ಟಿನ ಗಂಟುಗಳನ್ನು ಭುಜದ ಮೂಳೆಗೆ ಒತ್ತಿ ನೋಯಿಸುತ್ತದೆ ಕೂಡ. ಆದ್ದರಿಂದ ಭಾರ ಹೊರುವವರು ಭುಜದ ಮೇಲೆ ಮಾತ್ರ ಮುಚ್ಚಿದ ಬಟ್ಟೆ ಹೊಲಿದಿರುವ ಮಾದರಿ ತೆಗೆದುಕೊಳ್ಳಿ, ಸಿಗುತ್ತದೆ. ಬೆನ್ನಿಗೆ ಆ ಉಪಾಯವೂ ಇಲ್ಲ. ನಿಂತಾಗ ಚೀಲ ಇಳಿಸಿ ಒಂದು ನಿಮಿಷ ಬೆನ್ನಿಗೆ ಗಾಳಿ ಆಡಿಸಿ, ಆಮೇಲೆ ದಪ್ಪ ಜಾಕೆಟ್ ಹಾಕಿಕೊಳ್ಳಿ.

ಈಗ ಎರಡನೇ ಪದರ. ನೆಟ್ ಬನಿಯನ್ ಹಾಕಿಕೊಂಡೂ ಚಳಿಯಾಯಿತು ಅಂತ ದೂರುವವರಲ್ಲಿ ಬಹುಪಾಲು ಜನ ಎಡವುವುದು ಇಲ್ಲೇ. ನೆಟ್ಟು ತಾನಾಗಿ ಬೆವರನ್ನು ಎಳೆಯುವುದಿಲ್ಲ, ಅದು ಜಾಗ ಬಿಡುತ್ತದೆ ಅಷ್ಟೇ. ಎಳೆದುಕೊಳ್ಳುವ ಕೆಲಸ ಅದರ ಮೇಲಿನ ಪದರದ್ದು. ಅದು ತೆಳುವಾಗಿರಬೇಕು, ನೆಟ್ಟಿಗೆ ಹತ್ತಿಕೊಂಡಿರಬೇಕು, ತೇವವನ್ನು ಹರಡಿ ಹೊರಕ್ಕೆ ಬಿಡುವಂಥದ್ದಾಗಿರಬೇಕು. ತೆಳು ಮೆರಿನೊ ಶರ್ಟು ಅಥವಾ ತೆಳು ಫ್ಲೀಸ್ ಒಳ್ಳೆಯದು. ಸಡಿಲ ಹತ್ತಿ ಟೀ ಶರ್ಟು ಹಾಕಿದರೆ ನೀರಲ್ಲಿ ಹೋಮ ಮಾಡಿದ ಹಾಗೆ. ನೆಟ್ಟಿನ ಮೇಲೆ ಏನೂ ಇಲ್ಲದೆ ನೇರ ಜಾಕೆಟ್ ಹಾಕಿದರೆ ಆವಿ ಜಾಕೆಟ್ಟಿನ ಒಳಮೈಯಲ್ಲಿ ನೀರಾಗಿ ಇಳಿಯುತ್ತದೆ. ಅರ್ಧ ಗಂಟೆಯ ಓಟಕ್ಕೆ ಅದೂ ಪರವಾಗಿಲ್ಲ, ನೆಟ್ಟು ಆ ಒದ್ದೆ ಜಾಕೆಟ್ಟನ್ನು ಮೈಗೆ ಅಂಟಲು ಬಿಡುವುದಿಲ್ಲ. ಬೆರ್ಗೆನ್‌ನಂಥ ಮಳೆ ಊರಿನಲ್ಲಿರುವವರು ರೇನ್ ಜಾಕೆಟ್ ಕೆಳಗೆ ಹೀಗೆ ಹಾಕಿ ನೋಡಿ. ದಿನವಿಡೀ ಹೊರಗಿರುವವರು ಮಾತ್ರ ಎರಡನೇ ಪದರ ಬಿಡಬೇಡಿ.

ಗಾಳಿಗೂ ಲೆಕ್ಕ ಕೊಡಿ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 20 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 18ರಂತೆ ತಾಗುತ್ತದೆ. ಸ್ಕೀಯಲ್ಲಿ ಇಳಿಜಾರು ಇಳಿಯುವಾಗ ಆ ಗಾಳಿಯನ್ನು ನೀವೇ ಹುಟ್ಟಿಸುತ್ತೀರಿ. ನೆಟ್ಟು ಮತ್ತು ತೆಳು ಉಣ್ಣೆ ಎರಡನ್ನೂ ಗಾಳಿ ಸೀಳಿಕೊಂಡು ಬರುತ್ತದೆ, ತೂತಿನೊಳಗಿನ ಬೆಚ್ಚನೆ ಗಾಳಿ ಕ್ಷಣದಲ್ಲಿ ಖಾಲಿ. ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣದಾಗಿ ಮಡಚಿಕೊಳ್ಳುವ ವಿಂಡ್ ಜಾಕೆಟ್ ಜೇಬಿನಲ್ಲಿರಲಿ. ಹತ್ತುವಾಗ ಬಿಚ್ಚಿ, ಇಳಿಯುವ ಮುಂಚೆ ಹಾಕಿ. ಗಂಡಸರ ನೆಟ್ ಒಳಚಡ್ಡಿಗಳಲ್ಲಿ ಮುಂಭಾಗಕ್ಕೆ ಗಾಳಿ ತಡೆಯುವ ಬಟ್ಟೆ ಕೊಟ್ಟಿರುವ ಮಾದರಿಗಳಿವೆ. ಸಂಕೋಚಪಡದೆ ಅದನ್ನೇ ಕೇಳಿ ಕೊಳ್ಳಿ, ಅಲ್ಲಿ ಚಳಿ ತಾಗಿದರೆ ಬಹಳ ನೋವು.

ಇಲ್ಲಿನ ಹವೆಯ ಒಂದು ವಿಚಿತ್ರವೂ ಗೊತ್ತಿರಲಿ. ಗಾಳಿ ಇಲ್ಲದ ತಿಳಿ ಆಕಾಶದ ದಿನಗಳಲ್ಲಿ ತಣ್ಣನೆ ಗಾಳಿ ಕೆಳಗೆ ಊರಿನಲ್ಲಿ ಮಡುಗಟ್ಟಿರುತ್ತದೆ, ಮೇಲೆ ಬೆಟ್ಟದಲ್ಲಿ ಅದಕ್ಕಿಂತ ಬೆಚ್ಚಗಿರುತ್ತದೆ. ಫೋನಿನಲ್ಲಿ ಕಾಣುವ ಮೈನಸ್ 12 ನೋಡಿ ಪದರ ಮೇಲೆ ಪದರ ಹಾಕಿಕೊಂಡು ಮೆಟ್ರೊದಲ್ಲಿ ಬೆಟ್ಟದ ಮೇಲಿನ ಫ್ರೋಗ್ನರ್‌ಸೆಟರನ್ ನಿಲ್ದಾಣಕ್ಕೆ ಹೋಗಿ ಇಳಿದರೆ ಅಲ್ಲಿ ಎಷ್ಟೋ ಡಿಗ್ರಿ ಹೆಚ್ಚಿರಬಹುದು. ಮೊದಲ ಏರಿಗೇ ಬೆವರು. ಹೊರಡುವಾಗ ಸ್ವಲ್ಪ ಚಳಿ ಅನಿಸಬೇಕು, ಅದೇ ಸರಿಯಾದ ಉಡುಪು. ಹತ್ತು ನಿಮಿಷಕ್ಕೆ ಮೈ ತಾನೇ ಬಿಸಿಯಾಗುತ್ತದೆ. ಬಾಗಿಲಲ್ಲೇ ಹಿತವಾಗಿದೆ ಅಂದರೆ ಒಂದು ಪದರ ಜಾಸ್ತಿ ಅಂತ ಅರ್ಥ.

ನೆಟ್ಟಿನಿಂದ ಆಗದ ಕೆಲಸಗಳೂ ಇವೆ. ಆಫೀಸಿಗೆ ಹೋಗಿಬರುವವರಿಗೆ, ಪಾರ್ಕಿನ ಬೆಂಚಲ್ಲಿ ಕೂತು ಮಗುವನ್ನು ಆಡಿಸುವವರಿಗೆ ಒಂದು ಸಾದಾ ತೆಳು ಉಣ್ಣೆ ಬನಿಯನ್ ಸಾಕು, ಇದಕ್ಕೆ ದುಡ್ಡು ಹಾಕುವುದು ಬೇಡ. ಬೆರಳು, ಕಿವಿ, ಮೂಗಿನ ತುದಿಗೆ ಚಳಿ ಕಚ್ಚುವುದನ್ನು ಯಾವ ಬನಿಯನ್ನೂ ತಡೆಯದು. ಕೊಳ್ಳುವವರು ಮೇಲು ಕೆಳಗಿನ ಸೆಟ್ ಒಟ್ಟಿಗೆ ಕೊಳ್ಳಬೇಡಿ. ಮೊದಲು ಉದ್ದ ತೋಳಿನ ಶರ್ಟು ಒಂದು. ಬೆವರು ಹೆಚ್ಚು ನಿಲ್ಲುವುದು ಎದೆ, ಬೆನ್ನಿನಲ್ಲಿ. ಓಡುವಾಗ ತೊಡೆ ತಾನೇ ಬಿಸಿ ಇರುತ್ತದೆ. ಒಂದು ತಿಂಗಳು ಹಾಕಿ ನೋಡಿ, ಆಮೇಲೆ ಪ್ಯಾಂಟಿನ ಯೋಚನೆ.

ಇನ್ನು ನಿಮ್ಮ ಪ್ರಶ್ನೆಗಳು.

*ಊರಿನಲ್ಲಿ ಸಿಗುವ ತೂತಿನ ಹತ್ತಿ ಬನಿಯನ್ನೇ ತಂದು ಹಾಕಿಕೊಂಡರೆ ಆಗುವುದಿಲ್ಲವೇ?*

ಒಳ್ಳೆಯ ಪ್ರಶ್ನೆ. ಹಳೆಯ ಕಾಲದ ಯುರೋಪಿನ ನೆಟ್ ಬನಿಯನ್‌ಗಳೂ ಬಹುಪಾಲು ಹತ್ತಿಯವೇ, ಹಾಗಾಗಿ ಯೋಚನೆ ತಪ್ಪಲ್ಲ. ಆದರೆ ಅವುಗಳ ದಾರ ಹುರಿಯಷ್ಟು ದಪ್ಪ. ನಮ್ಮ ಬನಿಯನ್ನಿನ ದಾರ ಬಹಳ ತೆಳು, ಮೈಮೇಲೆ ಚಪ್ಪಟೆಯಾಗಿ ಮಲಗುತ್ತದೆ, ಗಾಳಿ ನಿಲ್ಲುವಷ್ಟು ಎತ್ತರವೇ ಇಲ್ಲ. ಜೊತೆಗೆ ಹತ್ತಿ ಒದ್ದೆಯಾದರೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಬೇಗ ಆರುವುದಿಲ್ಲ. ಬೆವರದ ದಿನ ನಡೆಯುತ್ತದೆ. ಓಟಕ್ಕೆ ಬೇಡ.

*ಹೆಂಗಸರಿಗೆ ಇದು ಎಷ್ಟು ಉಪಯೋಗ? ಒಳಗೆ ಸ್ಪೋರ್ಟ್ಸ್ ಬ್ರಾ ಇದ್ದೇ ಇರುತ್ತದಲ್ಲ.*

ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಅಂತಿದ್ದೆ. ಸ್ಪೋರ್ಟ್ಸ್ ಬ್ರಾ ದಪ್ಪ, ಒತ್ತು ನೇಯ್ಗೆ, ಬೆವರು ಹೆಚ್ಚು ನಿಲ್ಲುವ ಜಾಗದಲ್ಲೇ ಬಿಗಿಯಾಗಿ ಕೂತಿರುತ್ತದೆ. ಉಳಿದ ಮೈಯೆಲ್ಲ ಒಣಗಿದ್ದರೂ ಅಲ್ಲಿ ಒದ್ದೆ ಪಟ್ಟಿ ಉಳಿದು ಎದೆ ಕೊರೆಯುತ್ತದೆ. ಹೆಂಗಸರು ನೆಟ್ ಶರ್ಟಿಗಿಂತ ಮೊದಲು ಬ್ರಾ ಬದಲಿಸಿದರೆ ಹೆಚ್ಚು ಲಾಭ. ಪ್ಯಾಡ್ ಇಲ್ಲದ್ದು, ತೆಳು ಉಣ್ಣೆಯದ್ದು ಅಥವಾ ನೆಟ್ಟಿನದ್ದೇ ಸಿಗುತ್ತವೆ. ಹೆಚ್ಚು ಆಧಾರ ಬೇಕಾದವರಿಗೆ ಇವು ಸಾಲದಿರಬಹುದು. ಅಂಥವರು ಒಣ ಬ್ರಾ ಒಂದನ್ನು ಚೀಲದಲ್ಲಿಟ್ಟುಕೊಂಡು ಗುಡಿಸಲು ತಲುಪಿದ ಕೂಡಲೇ ಬದಲಿಸಿಕೊಳ್ಳುವುದು ಸರಿಯಾದ ದಾರಿ.

*ಮಕ್ಕಳಿಗೆ?*

ಇಲ್ಲಿನ ಶಿಶುವಿಹಾರಗಳು ಉಣ್ಣೆ ಒಳ ಉಡುಪು ಕಳಿಸಿ ಅಂತ ಹೇಳುತ್ತವೆ, ಅದನ್ನೇ ಕೇಳಿ. ಮಕ್ಕಳು ಹಿಮದಲ್ಲಿ ಕೂರುತ್ತಾರೆ, ಉರುಳುತ್ತಾರೆ, ಜಿಪ್ ತೆಗೆದು ಮುಚ್ಚಿ ಹವೆ ಸರಿಮಾಡಿಕೊಳ್ಳುವುದು ಅವರಿಗೆ ತಿಳಿಯದು. ಗಂಭೀರವಾಗಿ ಸ್ಕೀ ಕಲಿಯುವ ದೊಡ್ಡ ಮಕ್ಕಳಿಗೆ ಕೊಡಿಸಬಹುದು.

*ಒಗೆಯುವುದು ಹೇಗೆ? ವಾಸನೆ ಹೋಗುವುದೇ ಇಲ್ಲ.*

ಜಾಲರಿ ಚೀಲದೊಳಗೆ ಹಾಕಿ ಒಗೆಯಿರಿ, ಇಲ್ಲದಿದ್ದರೆ ಬೇರೆ ಬಟ್ಟೆಯ ಕೊಕ್ಕೆ ಸಿಕ್ಕಿ ಹರಿಯುತ್ತದೆ. ಸಾಫ್ಟನರ್ ಹಾಕಲೇಬೇಡಿ, ಅದು ನೂಲಿನ ಮೇಲೆ ಜಿಡ್ಡಿನ ಪದರ ಬಿಡುತ್ತದೆ. ಎಷ್ಟು ಬಿಸಿನೀರು ಅನ್ನುವುದು ಚೀಟಿಯಲ್ಲಿರುತ್ತದೆ, ಅದನ್ನು ಮೀರಬೇಡಿ. ಪಾಲಿಪ್ರೊಪಿಲೀನ್ ಅನ್ನು ಡ್ರೈಯರ್‌ಗೆ ಹಾಕಿದರೆ ಮುದುಡುತ್ತದೆ. ರೇಡಿಯೇಟರ್ ಮೇಲೂ ಬೇಡ, ಹ್ಯಾಂಗರಿಗೆ ಹಾಕಿ. ಒದ್ದೆಯಾಗಿಯೇ ಚೀಲದಲ್ಲಿ ಮುದುರಿಟ್ಟು ಮರುದಿನ ತೆಗೆಯುವ ಅಭ್ಯಾಸ ಬಿಟ್ಟರೆ ವಾಸನೆಯ ಅರ್ಧ ತೊಂದರೆ ಹೋಗುತ್ತದೆ.

*ನನ್ನ ತಮ್ಮ ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಉತ್ತರಾಖಂಡದ ಕೇದಾರಕಂಠ ಶಿಖರದ ಚಾರಣಕ್ಕೆ ಹೋಗುತ್ತಿದ್ದಾನೆ. ಅವನಿಗೆ ಒಂದು ಕಳಿಸಲೇ?*

ಕಳಿಸಿ, ಉಣ್ಣೆಯದ್ದು, ಭುಜದ ಮೇಲೆ ಮುಚ್ಚಿದ ಬಟ್ಟೆ ಇರುವುದು. ಸಾಂಕ್ರಿ ಹಳ್ಳಿಯಿಂದ ಹೊರಟು ದಿನಗಟ್ಟಲೆ ಬಟ್ಟೆ ಒಗೆಯದ ಚಾರಣ ಅದು. ಶಿಖರ ಏರುವ ದಿನ ಕತ್ತಲಲ್ಲೇ ಎದ್ದು, ಬೆವೆತು ಹತ್ತಿ, ಸುಮಾರು 3,800 ಮೀಟರ್ ಎತ್ತರದ ಶಿಖರದಲ್ಲಿ ಗಾಳಿಗೆ ಮೈಯೊಡ್ಡಿ ಸೂರ್ಯೋದಯಕ್ಕೆ ನಿಲ್ಲುತ್ತಾರೆ. ಬೆವೆತು ನಿಲ್ಲುವುದು ಅಂದೆನಲ್ಲ, ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಬರೀ ಅದನ್ನು ನೋಡಿದರೆ ಪಾಲಿಪ್ರೊಪಿಲೀನ್ ಅನ್ನಬೇಕು, ಆದರೆ ದಿನಗಟ್ಟಲೆ ಒಗೆಯದೆ ಹಾಕಿಕೊಂಡಿರುವುದರಿಂದ ಇಲ್ಲಿ ಉಣ್ಣೆಯೇ ಸರಿ. ಹೋಗುವ ಮುಂಚೆ ನಂದಿಬೆಟ್ಟವನ್ನೋ ಸ್ಕಂದಗಿರಿಯನ್ನೋ ಚೀಲ ಹೊತ್ತು ಒಮ್ಮೆ ಹತ್ತಲಿ. ಅಲ್ಲಿ ಅಂಥ ಚಳಿ ಇರುವುದಿಲ್ಲ, ಆದರೆ ಭುಜ ಒತ್ತುತ್ತದೋ, ಕಂಕುಳು ಉಜ್ಜುತ್ತದೋ ಅನ್ನುವುದು ಗೊತ್ತಾಗುತ್ತದೆ. ಶಿಖರಕ್ಕೆ ಹೊರಡುವ ರಾತ್ರಿ ಅದರ ಮೇಲೆ ತೆಳು ಫ್ಲೀಸ್ ಒಂದೇ ಹಾಕಿಕೊಂಡು ಹತ್ತಲಿ. ದಪ್ಪ ಜಾಕೆಟ್ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇರಲಿ, ಮೇಲೆ ನಿಂತ ತಕ್ಷಣ, ಚಳಿ ಅನಿಸುವ ಮುಂಚೆಯೇ, ಅದನ್ನು ಹಾಕಿಕೊಳ್ಳಲಿ. ಟೆಂಟಿಗೆ ಬಂದ ಮೇಲೆ ನೆಟ್ಟನ್ನು ಬಿಚ್ಚಿ ಸ್ಲೀಪಿಂಗ್ ಬ್ಯಾಗಿನ ಒಳಗೆ ಹರಡಿಕೊಂಡು ಮಲಗಿದರೆ ಬೆಳಿಗ್ಗೆಗೆ ಆರಿರುತ್ತದೆ. ಹೊರಗೆ ಹಗ್ಗಕ್ಕೆ ಹಾಕಿದರೆ ಬಡಿಗೆಯ ಹಾಗೆ ಸೆಟೆದುಕೊಂಡಿರುತ್ತದೆ.